ಎರಡು ಮೊಟ್ಟೆಯ ಭಾರ

ನನ್ನ ಸೋದರಮಾವನಿಗೆ ನೆಲದ ಮೇಲಿರುವ ಯಾವ ವಸ್ತುವಿನ ಬಗ್ಗೆಯೂ ಗೌರವವಿಲ್ಲ. ಮೂಡುಬಿದಿರೆಯಲ್ಲಿ ಅವರದು ರವಕೆ ಹೊಲಿಯುವ ಅಂಗಡಿ. ನಾಳೆ ಮದುವೆ, ರವಕೆ ಎಲ್ಲಿ ಎಂದು ಅಳುಮೋರೆ ಹಾಕಿಕೊಂಡು ಬಂದವರ ಎದುರು, ಕುತ್ತಿಗೆಗೆ ಟೇಪು ನೇತುಹಾಕಿಕೊಂಡೇ ಹೊರಗೆ ಇಣುಕಿ, "ಇವತ್ತು ಗಾಳಿ ಜೋರುಂಟು, ಹಾರಿಸ್ಲಿಕ್ಕೆ ಆಗುವುದಿಲ್ಲ" ಎಂದು ನಿಟ್ಟುಸಿರು ಬಿಡುವ ದರ್ಜಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರ ಡ್ರೋನ್ ಹುಚ್ಚಿನಿಂದಾಗಿ ನನ್ನ ಅಮ್ಮ ತನ್ನ ಒಬ್ಬನೇ ತಮ್ಮನೊಡನೆ ಎರಡು ವರ್ಷ ಮಾತು ಬಿಟ್ಟಿದ್ದನ್ನೂ ಕಂಡಿದ್ದೇನೆ.

ಹುಚ್ಚು ಹಿಡಿದದ್ದು ಐವತ್ತೆರಡನೇ ವಯಸ್ಸಿನಲ್ಲಿ. ಮೊದಲು ಮೊಬೈಲಿನ ಆಟದಲ್ಲಿ ಕಲಿತರು. ಆಮೇಲೆ ಅಂಗೈಯಗಲದ ಆಟಿಕೆಯೊಂದು ಬಂತು. ಡ್ರೋನ್ ನಮ್ಮ ಕಡೆ ಮುಖ ಮಾಡಿ ನಿಂತರೆ ಅದರ ಎಡ ನಮಗೆ ಬಲವಾಗುತ್ತದೆ, ಹೊಸಬರೆಲ್ಲ ಸೋಲುವುದು ಅಲ್ಲಿಯೇ ಎಂದು ಯಾರೋ ಹೆದರಿಸಿದ್ದರು. ಮಾವ ನಕ್ಕುಬಿಟ್ಟರು. "ಒಳಮೈ ಹೊರಗೆ ಮಾಡಿ ದಿನಕ್ಕೆ ಆರು ರವಕೆ ಹೊಲಿಯುವವನಿಗೆ ಎಡಬಲ ಹೇಳಿಕೊಡ್ತಾರಂತೆ" ಎಂದರು. ಹೇಳಿ ಮುಗಿಸುವಷ್ಟರಲ್ಲಿ ಆಟಿಕೆ ಪಕ್ಕದ ಮನೆಯ ತೆಂಗಿನ ಮರ ಸೇರಿತ್ತು!

ಫರಂಗಿಪೇಟೆಯಲ್ಲಿ ಮೊಬೈಲ್ ರಿಪೇರಿ ಮಾಡುವ ಬ್ಯಾರಿ ಸಾಹೇಬರೊಬ್ಬರ ಪಕ್ಕ ಪ್ರತಿ ಶುಕ್ರವಾರ ಕೂತು ಬೆಸುಗೆ ಹಾಕಲು ಕಲಿತರು. ಆಮೇಲೆ ಡ್ರೋನನ್ನು ತಾವೇ ಕಟ್ಟಿದರು. ಹಾರಿಸುವ ಮೊದಲು ಅದರ ದಿಕ್ಸೂಚಿ ಸರಿಪಡಿಸಬೇಕಂತೆ. ಅದಕ್ಕೆ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ನಿಂತಲ್ಲೇ ಸುತ್ತು ಬರಬೇಕು. ಕೊಯ್ಲಾದ ಗದ್ದೆಯ ನಡುವೆ ಕಣ್ಣು ಅರೆಮುಚ್ಚಿ ಗಿರಗಿರ ಸುತ್ತುತ್ತಿದ್ದ ಮಾವನನ್ನು ನೋಡಿ, ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಅಜ್ಜಿಯೊಬ್ಬರು ಹೊರೆ ಇಳಿಸಿ ಕೈ ಮುಗಿದು ನಿಂತರು. ಮಾವ ಸುತ್ತು ಮುಗಿಸಿದ ಕೂಡಲೇ ಅವರು ಕೇಳಿದ್ದು, "ನನ್ನ ದನ ಯಾವಾಗ ಕರು ಹಾಕ್ತದೆ?"

ಪ್ರತಿ ಹಾರಾಟಕ್ಕೂ ಅವರಲ್ಲಿ ಲೆಕ್ಕವಿತ್ತು. ಅಳತೆ ಬರೆಯುವ ಪುಸ್ತಕದ ಹಿಂಬದಿಯಲ್ಲಿ ಗಾಳಿ, ಬ್ಯಾಟರಿ, ಬಿದ್ದ ಸ್ಥಳ, ಕೊನೆಯಲ್ಲಿ 'ತಪ್ಪು ಯಾರದ್ದು' ಎಂಬ ಅಂಕಣ. ನಮ್ಮ ಹೊಸ ಮನೆಯ ಗೃಹಪ್ರವೇಶದ ದಿನ ಅಲ್ಲಿ ಬರೆದದ್ದು ಹೀಗಿದೆ: 'ಬಿದ್ದ ಸ್ಥಳ: ಪಾಯಸ. ತಪ್ಪು: ನನ್ನದು.'

ಬ್ಯಾಟರಿ ಮುಗಿಯುತ್ತ ಬಂದಿದ್ದರೂ ಮೇಲಿನಿಂದ ಇನ್ನೊಂದು ಸುತ್ತು ವಿಡಿಯೋ ತೆಗೆಯುವ ಎಂದು ಆಸೆಪಟ್ಟರು, ಅಷ್ಟೆ. ಮುನ್ನೂರು ಜನರ ಪಾಯಸದ ಕಡಾಯಿಗೆ ಡ್ರೋನ್ ನೆಟ್ಟಗೆ ಇಳಿಯಿತು! ನೆಂಟರು ನಕ್ಕರು. ಅಮ್ಮ ನಗಲಿಲ್ಲ. ನಸುಕಿನಿಂದ ಒಲೆಯ ಮುಂದೆ ನಿಂತವಳು ಅವಳು. "ಆ ಯಂತ್ರ ನಿನ್ನ ಕೈಯಲ್ಲಿ ಇರುವಷ್ಟು ದಿನ ಈ ಮೆಟ್ಟಿಲು ಹತ್ತಬೇಡ" ಎಂದು ಎಲ್ಲರೆದುರು ಹೇಳಿದಳು.

ಮಾವ ಹತ್ತಲಿಲ್ಲ. ಡ್ರೋನನ್ನೂ ಬಿಡಲಿಲ್ಲ. ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಹಠಮಾರಿಗಳು. ಫೋನು ಮಾಡಿದರೆ ಅಮ್ಮ ಎತ್ತುತ್ತಿರಲಿಲ್ಲ. ಮಾವ ಕಲಿಯುತ್ತಲೇ ಹೋದರು. ಭಾರ ಹೊರಿಸಿ ಹಾರಿಸುವ ಅಭ್ಯಾಸಕ್ಕೆ ಮೊಟ್ಟೆ ಕಟ್ಟುತ್ತಿದ್ದರು. ಒಡೆದರೆ ಇಳಿಸುವುದು ಬರಲಿಲ್ಲ ಎಂದರ್ಥ. ಆರು ತಿಂಗಳು ಅತ್ತೆಯ ಅಡುಗೆಮನೆಯಲ್ಲಿ ಆಮ್ಲೆಟ್ ಬಿಟ್ಟು ಬೇರೇನೂ ಆಗಲಿಲ್ಲ. ಕೊನೆಗೆ ಮಾವ ತೀರ್ಪು ಕೊಟ್ಟರು: "ಎರಡು ಮೊಟ್ಟೆ. ಅದಕ್ಕಿಂತ ಒಂದು ಗುಲಗಂಜಿ ಹೆಚ್ಚಾದರೂ ನಾನು ಹಾರಿಸುವುದಿಲ್ಲ ಮಾರಾಯ."

ಕಳೆದ ಮಳೆಗಾಲದಲ್ಲಿ ಒಂದು ದಿನ ಅಮ್ಮನ ಸಕ್ಕರೆ ಕಾಯಿಲೆಯ ಮತ್ತು ರಕ್ತದೊತ್ತಡದ ಮಾತ್ರೆ ತರಲು ನಾನು ಕೊಕ್ಕಡ ಪೇಟೆಗೆ ಹೋಗಿದ್ದೆ. ಮುಗಿದು ಎರಡು ದಿನವಾಗಿತ್ತು, ತಪ್ಪು ನನ್ನದೇ. ಮರಳಿ ಬರುವಾಗ ಹೊಳೆ ದಾಟುವ ಕಾಲುಸಂಕವೇ ಕೊಚ್ಚಿಹೋಗಿತ್ತು! ನೀರು ಕೆಂಪಾಗಿ, ಮರದ ದಿಮ್ಮಿಗಳನ್ನು ಹೊತ್ತು ಓಡುತ್ತಿತ್ತು. ಸುತ್ತು ದಾರಿಯಲ್ಲಿ ಗುಡ್ಡ ಜರಿದಿತ್ತು. ಆಚೆ ದಡದಲ್ಲಿ ಇರುವುದು ನಮ್ಮದೂ ಸೇರಿ ನಾಲ್ಕೇ ಮನೆ. ಅಪ್ಪನ ಫೋನು ಬಂತು. "ಅವಳಿಗೆ ತಲೆ ತಿರುಗ್ತಾ ಉಂಟು. ಗೋಡೆ ಹಿಡಿದು ನಡೀತಿದ್ದಾಳೆ. ಏನು ಮಾಡುವ?"

ನಾನು ಮಾವನಿಗೆ ಫೋನು ಮಾಡಿದೆ. ಎರಡೂವರೆ ಗಂಟೆಯಲ್ಲಿ ಸ್ಕೂಟರಿನಲ್ಲಿ ಬಂದು ನಿಂತರು. ಅಡಿಯಿಂದ ಮುಡಿಯವರೆಗೆ ಒದ್ದೆ. ಡ್ರೋನ್ ಮಾತ್ರ ಗಿರಾಕಿಯ ಸೀರೆಯೊಂದರಲ್ಲಿ ಬೆಚ್ಚಗೆ ಸುತ್ತಿಕೊಂಡಿತ್ತು. ಮಳೆ ಬಿಡಲೆಂದು ಕಾದೆವು. ಬಿಡಲಿಲ್ಲ. ನಾನು ಹತ್ತು ಸಲ ಅಪ್ಪನಿಗೆ ಫೋನು ಮಾಡಿದೆ. ಹನ್ನೊಂದನೆಯ ಸಲ ಅವರು ಎತ್ತಲಿಲ್ಲ, ನಾನು ಮತ್ತೆ ಮತ್ತೆ ಒತ್ತಿದೆ. ಆಮೇಲೆ ಎತ್ತಿ, "ಹಾಸಿಗೆ ಹಾಕಿಕೊಡ್ತಿದ್ದೆ" ಎಂದರು.

ಮೂರೂವರೆಗೆ ಮಳೆ ಸ್ವಲ್ಪ ತೆಳುವಾಯಿತು. ಮಾತ್ರೆಗಳನ್ನು ಸಣ್ಣ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮಾವ ಹೊಲಿಗೆ ನೂಲಿನಿಂದಲೇ ಡ್ರೋನಿಗೆ ಕಟ್ಟಿದರು. ಡ್ರೋನ್ ಎದ್ದಿತು. ನಡು ಹೊಳೆಯಲ್ಲಿ ಗಾಳಿ ಹೊಡೆದು ಒಂದು ಕಡೆ ವಾಲಿತು. ಮಾವನ ತುಟಿ ಅಲುಗುತ್ತಿತ್ತು, ದೇವರ ಹೆಸರೋ ಬೈಗುಳವೋ ಗೊತ್ತಾಗಲಿಲ್ಲ. ಬಿದಿರು ಮೆಳೆ ದಾಟಿದ ಮೇಲೆ ಕಣ್ಣಿಗೆ ಕಾಣದು, ಕೈಯಲ್ಲಿದ್ದ ಪರದೆಯೇ ಗತಿ. ಅದರಲ್ಲಿ ನಮ್ಮ ಅಂಗಳ ಬಂತು, ಮೆಲ್ಲ ದೊಡ್ಡದಾಯಿತು, ನಿಂತಿತು.

ಅಪ್ಪನ ತೋಳು ಹಿಡಿದು ಅಮ್ಮ ಬಂದಳು. ಡಬ್ಬಿ ಬಿಚ್ಚಿದಳು. ಅಲ್ಲೇ ನಿಂತು ಮಾತ್ರೆ ನುಂಗಿದಳು. ಮಾವ ಪರದೆಯಿಂದ ಕಣ್ಣು ತೆಗೆಯಲೇ ಇಲ್ಲ. "ಅಕ್ಕನ ತಲೆ ಪೂರಾ ಬೆಳ್ಳಗಾಗಿದೆ. ಹೇಳ್ಲಿಲ್ಲ ನೀನು" ಎಂದರು.

ಅಮ್ಮ ಡಬ್ಬಿ ಹಿಡಿದು ಒಳಗೆ ಹೋದಳು, ತಂದು ಮತ್ತೆ ಡ್ರೋನಿಗೆ ಕಟ್ಟತೊಡಗಿದಳು. ನಾನು ಅಪ್ಪನಿಗೆ ಫೋನು ಹಚ್ಚಿದೆ. "ಮಾವಿನ ಮಿಡಿ ಉಪ್ಪಿನಕಾಯಿ, ಬಾಯಿವರೆಗೆ ತುಂಬಿಸಿದ್ದಾಳೆ" ಎಂದರು ಅಪ್ಪ. ಹಿಂದಿನಿಂದ ಅಮ್ಮನ ಸ್ವರ ಕೇಳಿತು: "ಬಂದ ಪಾತ್ರೆಯನ್ನು ಖಾಲಿ ಕಳಿಸುವ ಕ್ರಮ ನಮ್ಮಲ್ಲಿ ಇಲ್ಲ ಅಂತ ಅವನಿಗೆ ಹೇಳಿ."

ನಮ್ಮ ಊರಿನಲ್ಲಿ ಅದು ಹಾಗೆಯೇ. ಆದರೆ ಪಾತ್ರೆ ಹಾರಿಕೊಂಡು ಬಂದಾಗಲೂ ಅದೇ ಕ್ರಮವೇ?

"ಮಾವ, ಐದು ಮೊಟ್ಟೆಯಷ್ಟು ಭಾರ ಉಂಟು. ಬಿಚ್ಚಲಿಕ್ಕೆ ಹೇಳ್ತೇನೆ" ಎಂದೆ.

"ಬೇಡ."

"ಬೀಳ್ತದೆ ಮಾವ."

"ಗೊತ್ತುಂಟು. ಅಕ್ಕ ಎರಡು ವರ್ಷದ ಮೇಲೆ ಕೊಡ್ತಿದ್ದಾಳೆ. ಬೇಡ ಅಂತ ಹೇಗೆ ಹೇಳಲಿ?"

ಡ್ರೋನ್ ನರಳುತ್ತ ಎದ್ದಿತು. ಬ್ಯಾಟರಿ ನಲವತ್ತು. ಬಿದಿರು ಮೆಳೆ ದಾಟುವಾಗ ಇಪ್ಪತ್ತೆರಡು. ಹೊಳೆಯ ಮೇಲೆ ಬಂದಾಗ ಒಂಬತ್ತು. ಮಾವ ಕಲಿತದ್ದನ್ನೆಲ್ಲ ಹಾಕಿ ಹಾರಿಸಿದರು. ನಡು ಹೊಳೆಯಲ್ಲಿ ಅದು ಒಮ್ಮೆ ತಡೆದು ನಿಂತಿತು, ನೆಟ್ಟಗೆ ನೀರಿಗಿಳಿಯಿತು. ಎರಡು ವರ್ಷದ ವಿದ್ಯೆ, ಒಂದು ಡಬ್ಬಿ ಉಪ್ಪಿನಕಾಯಿ, ಎರಡೂ ನೇತ್ರಾವತಿಯ ಕಡೆ ಹೋದವು. ನನಗೆ ಅಳು ಬಂತು.

ಅಷ್ಟರಲ್ಲಿ ಮಾವನ ಫೋನು ಹೊಡೆದುಕೊಂಡಿತು. ಹೆಸರು ನೋಡಿ ಅವರು ಒದ್ದೆ ಕೈಯನ್ನು ಅಂಗಿಗೆ ಮೂರು ಸಲ ಒರೆಸಿಕೊಂಡರು.

"ಸಿಕ್ಕಿತಾ?" ಎಂದಳು ಅಮ್ಮ.

"ಸಿಕ್ಕಿತು ಅಕ್ಕ."

"ತಿಂದು ನೋಡಿದೆಯಾ? ಖಾರ ಹೆಚ್ಚಾಯ್ತಾ?"

ಮಾವ ಹೊಳೆಯನ್ನೇ ನೋಡುತ್ತಿದ್ದರು. ಮೂಗು ಎಳೆದುಕೊಂಡರು. "ಸ್ವಲ್ಪ ಹೆಚ್ಚುಂಟು ಅಕ್ಕ. ಕಣ್ಣಲ್ಲಿ ನೀರು ಬಂತು."

ಅಮ್ಮ ಹೇಳಿದಳು, "ಹೊಳೆ ಇಳಿದ ಮೇಲೆ ಮನೆಗೆ ಬಾ. ಇನ್ನೊಂದು ಭರಣಿ ಉಂಟು."