ಮಾವನ ಸ್ಟೇಷನ್ನಿನಲ್ಲಿ ಲಾರಿಗೇ ಮರ್ಯಾದೆ

ಬಜಪೆಯ ನಮ್ಮ ಮಾವನ ಮನೆಯ ಮಹಡಿಯಲ್ಲಿ ಒಂದು ಇಡೀ ರೈಲ್ವೆ ಸ್ಟೇಷನ್ನು ಇದೆ ಎಂದರೆ ನೀವು ನಂಬಬಹುದು. ಆದರೆ ಆ ಸ್ಟೇಷನ್ನಿನ ಒಡೆಯರಿಗೆ ರೈಲೆಂದರೆ ಅಷ್ಟಕ್ಕಷ್ಟೇ ಎಂದರೆ ನಂಬುತ್ತೀರಾ? ದೊಡ್ಡ ಮೇಜಿನ ಮೇಲೆ ಹಳಿಯಿದೆ, ಸಿಗ್ನಲ್ಲಿದೆ, ಗಿರಗಿರನೆ ಸುತ್ತುವ ಪುಟಾಣಿ ರೈಲಿದೆ. ಅವೆಲ್ಲ ಅಂಗಡಿಯಿಂದ ತಂದವು. ಮಾವ ಉಸಿರು ಬಿಗಿಹಿಡಿದು, ಊಟ ಬಿಟ್ಟು, ಸ್ವಂತ ಕೈಯಿಂದ ಮಾಡುವುದು ಸ್ಟೇಷನ್ನಿನ ಹೊರಗೆ ನಿಲ್ಲುವ ಲಾರಿಗಳನ್ನು! ಅದೂ ಊರ ಲಾರಿಯಲ್ಲ. ರೈಲ್ವೆಯವರದೇ ಲಾರಿ, ರೈಲ್ವೆಯವರದೇ ಜೀಪು, ರೈಲ್ವೆ ಆಸ್ಪತ್ರೆಯ ವ್ಯಾನು. ಒಂದೊಂದೂ ನನ್ನ ಹೆಬ್ಬೆರಳಿಗಿಂತ ತುಸು ಉದ್ದ.

"ರೈಲು ಯಾರು ಬೇಕಾದರೂ ಮಾಡ್ತಾರೆ ಮಾರಾಯ್ತಿ. ರೈಲ್ವೆಯ ಲಾರಿ ಯಾರು ಮಾಡ್ತಾರೆ, ಹೇಳು ನೋಡುವ?" ಎಂದು ಮಾವ ಕೇಳುತ್ತಾರೆ.

ಯಾರೂ ಮಾಡುವುದಿಲ್ಲ. ಯಾಕೆ ಮಾಡಬೇಕು ಎಂದು ನಾನೂ ಬಹಳ ಕಾಲ ನಗುತ್ತಿದ್ದೆ. ಈಗಲೂ ನಗುತ್ತೇನೆ. ಆದರೆ ಈ ಸಾಲುಗಳನ್ನು ಬರೆಯುತ್ತಿರುವ ನನ್ನ ಬಲಗೈ ಒಂದು ಕಾಲದಲ್ಲಿ ಚಮಚ ಹಿಡಿಯಲೂ ಒಪ್ಪುತ್ತಿರಲಿಲ್ಲ. ಅದು ಮತ್ತೆ ಕೈ ಆದದ್ದು ಆ ಲಾರಿಗಳಿಂದ. ಹಾಗಾಗಿ ನನ್ನ ನಗುವಿನಲ್ಲಿ ಸ್ವಲ್ಪ ಕೈಮುಗಿಯುವುದೂ ಸೇರಿದೆ ಎಂದು ತಿಳಿಯಿರಿ.

ಮಾವ, ಅಂದರೆ ನನ್ನ ಅಮ್ಮನ ಅಣ್ಣ, ಮಂಗಳೂರು ಸ್ಟೇಷನ್ನಿನ ಹತ್ತಿರ ಹೋಟೆಲು ನಡೆಸುತ್ತಿದ್ದವರು. ಲಾರಿಯ ಹುಚ್ಚಿಗೆ ಅವರು ಕೊಡುವ ಕಾರಣವೂ ಹೋಟೆಲಿನದೇ. "ರೈಲಿನಲ್ಲಿ ಹೋಗುವವರು ನಿಂತುಕೊಂಡೇ ಚಾ ಕುಡಿದು ಓಡ್ತಾರೆ. ರೈಲ್ವೆ ಲಾರಿಯವರು ಹಾಗಲ್ಲ. ಕೂತು, ನೀರುದೋಸೆ ತಿಂದು, ಇನ್ನೊಂದು ಪ್ಲೇಟು ಹೇಳ್ತಾರೆ. ಹೋಟೆಲು ನಡೆದದ್ದು ಯಾರಿಂದ?" ಎಂದು ಅವರ ಪ್ರಶ್ನೆ.

ಮಹಡಿಯ ಆ ಕೋಣೆಯಲ್ಲಿ ಎಂಬತ್ತರ ದಶಕ ಇನ್ನೂ ಮುಗಿದಿಲ್ಲ. ಆಮೇಲಿನದು ಯಾವುದೂ ಒಳಗೆ ಬರಕೂಡದು. ಅತ್ತೆ ಒಮ್ಮೆ ಪ್ರೀತಿಯಿಂದ ಒಂದು ಆಟಿಕೆ ಕಾರು ತಂದು ಗೂಡ್ಸ್ ಶೆಡ್ಡಿನ ಪಕ್ಕ ಇಟ್ಟರು. ಮಾವ ಅದನ್ನು ಎರಡು ಬೆರಳಲ್ಲಿ ಎತ್ತಿ, "ಈ ಕಾರು ಇನ್ನೂ ಹುಟ್ಟಲಿಲ್ಲ" ಎಂದು ಅವರ ಕೈಗೇ ಕೊಟ್ಟರು. ಬಜಪೆಯಲ್ಲಿ ವಿಮಾನಕ್ಕೇನು ಬರವೇ? ತಲೆಯ ಮೇಲೆ ಸದ್ದಾದಾಗಲೆಲ್ಲ ಮಾವ ಎದ್ದು ಕಿಟಕಿ ಮುಚ್ಚುತ್ತಾರೆ. ಆಗಿನ ಕಾಲದಲ್ಲಿ ಇಷ್ಟು ವಿಮಾನ ಇರಲಿಲ್ಲವಂತೆ!

ಲಾರಿಯ ಅಳತೆಯ ವಿಷಯಕ್ಕೆ ಬಂದರೆ ಇನ್ನೂ ಕಷ್ಟ. ಯಾವುದೋ ಸ್ಟೇಷನ್ನಿನ ಹಿಂದೆ ಪೊದೆಯೊಳಗೆ ಹಳೆಯ ರೈಲ್ವೆ ಲಾರಿಯೊಂದು ಬಿದ್ದಿದೆ ಎಂದು ಸುದ್ದಿ ಸಿಕ್ಕಿತು. ಮಾವ ಅತ್ತೆಯ ಹೊಲಿಗೆ ಟೇಪು ಹಿಡಿದು ಹೊರಟರು. ಮೊಣಕಾಲೂರಿ ಅಳೆಯುತ್ತಿದ್ದಾಗ ಹಿಂದಿನಿಂದ ಒಬ್ಬ ಪೊಲೀಸ್ ಬಂದ.

"ಎಂತ ಮಾಡ್ತಾ ಇದ್ದೀರಿ ಇಲ್ಲಿ?"

"ಬಂಪರಿನ ಎತ್ತರ ತೆಗಿತಾ ಇದ್ದೇನೆ."

"ಗುಜರಿಯವರಾ?"

"ಅಲ್ಲಪ್ಪ. ಇಂಥದ್ದೇ ಒಂದು ಮನೆಯಲ್ಲಿ ಮಾಡ್ತಾ ಇದ್ದೇನೆ."

"ಮನೆಯಲ್ಲಿ ಲಾರಿಯಾ! ಎಷ್ಟು ಲೋಡು ಹಿಡಿತದೆ?"

ಮಾವ ಸ್ವಲ್ಪ ಯೋಚಿಸಿ, "ನಾಲ್ಕು ಕಡಲೆಬೀಜ" ಎಂದರಂತೆ. ಪೊಲೀಸು ಹತ್ತಿರ ಬಂದು ಅವರ ಬಾಯಿ ಮೂಸಿ ನೋಡಿದನಂತೆ. ವಾಸನೆ ಏನೂ ಇಲ್ಲ. ಕೊನೆಗೆ ಟೇಪಿನ ಇನ್ನೊಂದು ತುದಿ ಹಿಡಿದುಕೊಂಡು ಅಳತೆ ಮುಗಿಸಿಕೊಟ್ಟವನು ಅವನೇ!

ಲಾರಿಯ ಹಿಂಬದಿಯ ಹಲಗೆಗಳಿಗೆ ಮಾವ ಬಳಸುವುದು ತೆಂಗಿನ ಗರಿಯ ಹಿಡಿಸೂಡಿಯ ಕಡ್ಡಿ, ಟಾರ್ಪಾಲಿಗೆ ಹಳೆಯ ಕೊಡೆಯ ಬಟ್ಟೆ. ಕೊಡೆ ಮಾತ್ರ ಯಾವಾಗಲೂ ಹಳೆಯದೇ ಆಗಿರುತ್ತಿತ್ತು ಎಂದು ನಾನು ಹೇಳಲಾರೆ. ಅತ್ತೆಯ ಹಿಡಿಸೂಡಿ ದಿನದಿಂದ ದಿನಕ್ಕೆ ಬಡವಾಗುತ್ತಾ ಬಂತು. "ನಮ್ಮ ಅಂಗಳ ಗುಡಿಸಲಿಕ್ಕೆ ಕಡ್ಡಿ ಇಲ್ಲ, ರೈಲ್ವೆಗೆ ಮಾತ್ರ ಹೊಸ ಲಾರಿ ಉಂಟು" ಎಂದು ಅತ್ತೆ ಗೊಣಗಿದರೆ, "ರೈಲ್ವೆ ದೇಶದ್ದು, ಅಂಗಳ ನಮ್ಮದು ಮಾತ್ರ" ಎನ್ನುವ ಉತ್ತರ ಮಹಡಿಯಿಂದ ಇಳಿದು ಬರುತ್ತಿತ್ತು.

ಇನ್ನು ನನ್ನ ಕೈಯ ಕಥೆ. ನಾನು ಕಾವೂರಿನ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರು. ಪಡೀಲಿನಲ್ಲಿ ಸ್ಕೂಟರು ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿಯಿತು. ಆಪರೇಷನ್ ಆಯಿತು, ಪ್ಲೇಟು ಹಾಕಿದರು, ಮೂಳೆ ಚೆನ್ನಾಗಿ ಕೂಡಿದೆ ಎಂದರು. ಮೂಳೆ ಕೂಡಿದ್ದು ಬೆರಳುಗಳಿಗೆ ಯಾರೂ ಹೇಳಲಿಲ್ಲವೋ ಏನೋ! ಪೆನ್ಸಿಲು ಹಿಡಿದರೆ ಜಾರುತ್ತಿತ್ತು, ಗೆರೆ ಎಳೆದರೆ ನಡುಗುತ್ತಿತ್ತು. ವ್ಯಾಯಾಮಕ್ಕೆಂದು ಹಿಸುಕಲು ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ಪಕ್ಕದ ಮನೆಯ ನಾಯಿಗೆ ಎಸೆದೆ. ಒಂದು ಸೊನ್ನೆ ಬರೆಯಲಾಗದ ಡ್ರಾಯಿಂಗ್ ಟೀಚರು ಯಾವ ಮುಖ ಹೊತ್ತು ಕ್ಲಾಸಿಗೆ ಹೋಗುವುದು? ರಜೆ ಮುಗಿದು ಶಾಲೆ ಶುರುವಾಗುವ ಮೊದಲು ರಾಜೀನಾಮೆ ಕೊಡುವುದೆಂದು ನಿಶ್ಚಯಿಸಿದೆ. ಅದನ್ನು ಬರೆಯಲೂ ಬೇರೆಯವರ ಕೈ ಬೇಕಿತ್ತು, ನೋಡಿ.

ಸುದ್ದಿ ಕೇಳಿ ಮಾವ ಮನೆಗೆ ಬಂದರು. ಸಮಾಧಾನದ ಮಾತು ಒಂದೂ ಇಲ್ಲ.

"ನನಗೀಗ ಕಣ್ಣು ಮಂಜು. ಚಕ್ರ ಕೂರಿಸಲಿಕ್ಕೆ ಒಬ್ಬರು ಬೇಕು. ನಾಳೆಯಿಂದ ಬಾ."

"ನನ್ನ ಕೈ ಸರಿ ಇಲ್ಲ ಮಾವ."

"ನನ್ನ ಕಣ್ಣೂ ಸರಿ ಇಲ್ಲ. ಇಬ್ಬರೂ ಸೇರಿ ಒಬ್ಬರಷ್ಟು ಕೆಲಸ ಮಾಡುವ. ಯಾರಿಗೆ ನಷ್ಟ?"

ಹಾಗೆ ನಾನು ಬಸ್ಸು ಹತ್ತಿ ಬಜಪೆಗೆ ಹೋಗತೊಡಗಿದೆ. ಮೊದಲು ಕಡ್ಡಿ ಉಜ್ಜುವ ಕೆಲಸ, ಆಮೇಲೆ ಚಕ್ರ. ನನ್ನ ಬೆರಳಿನಿಂದ ಹಾರಿದ ಚಕ್ರವೊಂದು ಅತ್ತೆ ಆರಿಸುತ್ತಿದ್ದ ಅಕ್ಕಿಯಲ್ಲಿ ಸಿಕ್ಕಿತು. ಮಾವನಲ್ಲಿ ಕರುಣೆ ಎಂಬುದೇ ಇರಲಿಲ್ಲ. ಹೆಡ್‌ಲೈಟು ಕೂದಲೆಳೆಯಷ್ಟು ವಾರೆಯಾದರೂ, "ಇಂಥ ಲಾರಿ ರೈಲ್ವೆಯಲ್ಲಿ ಇರಲಿಲ್ಲ. ತೆಗಿ!" ಎಂದು ಬಾಗಿಲಿನಿಂದಲೇ ಕೂಗುತ್ತಿದ್ದರು. ಕಣ್ಣು ಮಂಜಾದವರಿಗೆ ಅಷ್ಟು ದೂರದಿಂದ ಅದು ಹೇಗೆ ಕಾಣುತ್ತಿತ್ತೋ, ದೇವರೇ ಬಲ್ಲ! ಸಿಟ್ಟು ಬರುತ್ತಿತ್ತು. ಆದರೆ ಸಿಟ್ಟಿನಲ್ಲಿ ಮಾಡುತ್ತಾ ಮಾಡುತ್ತಾ ಬೆರಳುಗಳು ಒಂದೊಂದಾಗಿ ಮಾತು ಕೇಳತೊಡಗಿದವು.

ಶಾಲೆ ಶುರುವಾಗಲು ವಾರವಿದ್ದಾಗ ಮಾವ ನನ್ನ ಮುಂದೆ ಒಂದು ಪೂರ್ತಿ ಲಾರಿ ಇಟ್ಟರು. ಬಾಗಿಲ ಮೇಲೆ ರೈಲ್ವೆಯ ಹೆಸರು ಬರೆಯುವುದೊಂದೇ ಬಾಕಿ. ನೇರ ಗೆರೆಯನ್ನು ಅವರೇ ಪೆನ್ಸಿಲಿನಲ್ಲಿ ಎಳೆದಿದ್ದರು. ಅಕ್ಷರ ಸರಿ ಬಂದರೆ ಶಾಲೆ, ಸೊಟ್ಟ ಬಂದರೆ ರಾಜೀನಾಮೆ ಎಂದು ಮನಸ್ಸಿನಲ್ಲೇ ಪಣ ಕಟ್ಟಿ ಸಣ್ಣ ಬ್ರಷ್ಷು ಎತ್ತಿಕೊಂಡೆ. ಅರ್ಧದವರೆಗೆ ಚೆನ್ನಾಗಿ ಬಂತು. ಆಮೇಲೆ ಮಣಿಕಟ್ಟು ನಡುಗಿತು. ಉಳಿದ ಅಕ್ಷರಗಳು ಗೆರೆ ಬಿಟ್ಟು ಕೆಳಗೆ ಜಾರಿದವು. ಅಳಿಸಲೆಂದು ಥಿನ್ನರಿಗೆ ಕೈಹಾಕಿದೆ. ಮಾವ ಲಾರಿಯನ್ನೇ ಎತ್ತಿಕೊಂಡು ಹೋದರು.

ಆ ಭಾನುವಾರ ಬೆಂಗಳೂರಿನಿಂದ ಒಬ್ಬರು ಬಂದರು. ಪುಟ್ಟ ರೈಲುಗಳ ವಿಷಯದಲ್ಲಿ ದೊಡ್ಡ ಹೆಸರು. ಅವರು ಏನೆನ್ನುತ್ತಾರೋ ಎಂದು ಮಾವ ಬೆಳಗಿನಿಂದ ಮೂರು ಶರ್ಟು ಬದಲಿಸಿದ್ದರು. ಬಂದವರು ಭೂತಗನ್ನಡಿ ಹಿಡಿದು ಒಂದೊಂದೇ ಗಾಡಿ ನೋಡುತ್ತಾ, "ಅದ್ಭುತ, ಒಂದು ತಪ್ಪೂ ಇಲ್ಲ" ಎನ್ನುತ್ತಾ ಬಂದು ಗೂಡ್ಸ್ ಶೆಡ್ಡಿನ ಎದುರು ನಿಂತರು. ಎಲ್ಲಕ್ಕಿಂತ ಮುಂದೆ ನನ್ನ ಲಾರಿಯನ್ನೇ ನಿಲ್ಲಿಸಿದ್ದರು ನಮ್ಮ ಮಾವ! ನನಗೆ ಮೆಟ್ಟಿಲಿಳಿದು ಓಡಿಬಿಡೋಣ ಎನಿಸಿತು.

"ಇದರ ಅಕ್ಷರ ಸೊಟ್ಟಗಿದೆಯಲ್ಲ ಸರ್?"

"ಹೌದು. ಆ ಲಾರಿಯಲ್ಲಿ ಹಾಗೆಯೇ ಇದ್ದದ್ದು."

"ರೈಲ್ವೆಯವರು ಹೀಗೆ ಬರೆಸ್ತಾರಾ?"

"ನಮ್ಮ ಹೋಟೆಲಿನ ಎದುರು ದಿನಾ ನಿಲ್ತಿತ್ತು. ನಾನು ಕಣ್ಣಾರೆ ನೋಡಿದ್ದೇನೆ. ಈ ಅಕ್ಷರ ಬರೆಯುವುದೇ ಎಲ್ಲಕ್ಕಿಂತ ಕಷ್ಟ ಆದದ್ದು. ಬರೆದದ್ದು ಇವಳು, ಡ್ರಾಯಿಂಗ್ ಟೀಚರು."

ಬಂದವರು ತಲೆದೂಗಿ, ನನಗೂ ಒಂದು ನಮಸ್ಕಾರ ಹಾಕಿ, ಅತ್ತೆ ಕೊಟ್ಟ ಚಾ ಕುಡಿದು ಹೋದರು. ನಾನು ಮೆಲ್ಲನೆ ಕೇಳಿದೆ: "ಮಾವ, ಅಂಥ ಲಾರಿ ನಿಜವಾಗಿಯೂ ಇತ್ತಾ?"

ಮಾವ ನನ್ನ ಕಡೆ ನೋಡಲಿಲ್ಲ. ಲಾರಿಯನ್ನು ಬೆರಳ ತುದಿಯಿಂದ ಸ್ವಲ್ಪ ಮುಂದೆ ತಳ್ಳಿ, "ಇನ್ನು ಮೇಲೆ ಇತ್ತು" ಎಂದರು.

ಮೇಜಿನ ಮೇಲಿನ ಒಂದು ಬಂಪರಿನ ವಿಷಯದಲ್ಲೂ ಸುಳ್ಳು ಸಹಿಸದ ಮನುಷ್ಯ ನನಗೋಸ್ಕರ ಹೇಳಿದ ಸುಳ್ಳು ಅದು. ನನಗೆ ಅಲ್ಲೇ ಅಳು ಬಂತು, ಅತ್ತುಬಿಟ್ಟೆ. ಶಾಲೆ ಶುರುವಾದ ದಿನ ಬೋರ್ಡಿನ ಮೇಲೆ ನನ್ನ ಹೆಸರು ಬರೆದೆ. ಅದು ಕೊನೆಯಲ್ಲಿ ಸ್ವಲ್ಪ ಕೆಳಗೆ ಜಾರಿತು. ನಾನು ಅಳಿಸಲಿಲ್ಲ.