ಉಣ್ಣದ ಸೈನ್ಯಕ್ಕೊಂದು ಭಾಷೆ

ಬಹಳ ಹಿಂದೆ, ಅಂದರೆ ನೀವು ಇವತ್ತಿನ ಪತ್ರಿಕೆಯ ಮಡಿಕೆ ಬಿಚ್ಚುವುದಕ್ಕೆ ಒಂದಿಷ್ಟು ಮೊದಲು, ಚಂದ್ರಗಾವಿ ಎಂಬ ರಾಜ್ಯವಿತ್ತು. ಅದನ್ನಾಳುತ್ತಿದ್ದ ಶ್ರೀಮನ್ಮಹಾರಾಜ ಭುಜಬಲ ಪ್ರಭುಗಳಿಗೆ ಎರಡು ಸೈನ್ಯಗಳಿದ್ದವು. ಒಂದು ನಿಜಸೇನೆ. ಅದು ಗಡಿಯಲ್ಲಿ ಬಿಸಿಲು, ಚಳಿ, ಸೊಳ್ಳೆಗಳ ನಡುವೆ ಇತ್ತು. ಇನ್ನೊಂದು ಲೀಲಾಸೇನೆ. ಅದು ಅರಮನೆಯ ಪಕ್ಕದ ಲೀಲಾಯುದ್ಧ ಭವನದಲ್ಲಿ, ತಂಪು ಕೋಣೆಯ ಕಂಪ್ಯೂಟರುಗಳೊಳಗೆ ಇತ್ತು. ಯುದ್ಧವನ್ನು ಮೊದಲು ಪರದೆಯ ಮೇಲೆ ಆಡಿ ನೋಡಿ, ತಪ್ಪು ತಿದ್ದಿಕೊಂಡು, ಆಮೇಲೆ ನೆಲದ ಮೇಲೆ ಮಾಡಬೇಕೆಂಬ ಸದುದ್ದೇಶದಿಂದ ಹಿಂದಿನ ದೊರೆಗಳು ಕಟ್ಟಿಸಿದ ಭವನ ಅದು. ಭುಜಬಲ ಪ್ರಭುಗಳಿಗೆ ಈ ಉದ್ದೇಶದ ಮೊದಲರ್ಧ ಬಹಳ ಹಿಡಿಸಿತ್ತು.

ಪ್ರಭುಗಳು ದಿನಾ ಬೆಳಗಿನ ಉಪಾಹಾರ ಮುಗಿಸಿ ಭವನಕ್ಕೆ ಚಿತ್ತೈಸಿ, ಒಂದು ಯುದ್ಧ ಗೆದ್ದು, ಸ್ನಾನಕ್ಕೆ ತೆರಳುತ್ತಿದ್ದರು. ಲೀಲಾಸೈನಿಕರು ರಜೆ ಕೇಳುತ್ತಿರಲಿಲ್ಲ, ಮೇಲಧಿಕಾರಿಯನ್ನು ಬೈಯುತ್ತಿರಲಿಲ್ಲ, ಸತ್ತರೂ ಮರುದಿನ ಹಾಜರಿ ಹಾಕುತ್ತಿದ್ದರು. ಇಂಥ ಸೈನ್ಯ ಯಾವ ದೊರೆಗೆ ಬೇಡ ಹೇಳಿ.

ಒಂದೇ ತೊಡಕು. ನಿಜಸೇನೆಯ ಯಂತ್ರಗಳ ಭಾಷೆ ಲೀಲಾಸೇನೆಯ ಯಂತ್ರಗಳಿಗೆ ತಿಳಿಯದು, ಅವುಗಳದು ಇವಕ್ಕೆ ತಿಳಿಯದು. ಅದಕ್ಕಾಗಿ ನಡುವೆ ಹನ್ನೊಂದು ಜನ ಗುಮಾಸ್ತರು ತಿರುಗು ಕುರ್ಚಿಗಳಲ್ಲಿ ಕೂತಿದ್ದರು. ಈ ಪರದೆಯಲ್ಲಿ ಬಂದದ್ದನ್ನು ಓದುವುದು, ಕುರ್ಚಿ ತಿರುಗಿಸುವುದು, ಆ ಪರದೆಯಲ್ಲಿ ಬೆರಳಚ್ಚು ಮಾಡುವುದು, ಇಷ್ಟೇ ಅವರ ಕೆಲಸ. ಹಾಗೆ ತಿರುಗುವಾಗ ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದರು. ಗಡಿಯ ಯಾವುದೋ ಠಾಣೆಯಿಂದ ‘ಅಕ್ಕಿ ತೀರಿದೆ’ ಎಂದು ಬಂದರೆ ಒಂದು ಚೀಟಿ ಬರೆದು ಉಗ್ರಾಣಕ್ಕೆ ಮುಟ್ಟಿಸುತ್ತಿದ್ದರು. ಅದು ಅವರ ಕರ್ತವ್ಯಪಟ್ಟಿಯಲ್ಲಿ ಇರಲಿಲ್ಲ. ಆದ್ದರಿಂದ ಅದು ನಡೆಯುತ್ತಿದೆ ಎಂಬುದು ಮೇಲಿನವರಿಗೆ ಯಾರಿಗೂ ಗೊತ್ತಿರಲಿಲ್ಲ.

ಒಂದು ದಿನ ಪ್ರಭುಗಳು ಪರದೆಯ ಮುಂದೆ ಕೂತು ಆಕಳಿಸಿದರು. ಸಮನ್ವಯ ಸಚಿವ ಪ್ರಿಯಂವದರಾಯರು ಆ ಆಕಳಿಕೆಯನ್ನು ಗುರುತು ಹಾಕಿಕೊಂಡರು.

‘ಪ್ರಭುಗಳಿಗೆ ಆಯಾಸವಾದಂತಿದೆ.’

‘ನಾವು ಮುನ್ನುಗ್ಗಿ ಎಂದು ಹೇಳಿ ಒಂದು ಲೋಟ ಮಜ್ಜಿಗೆ ಮುಗಿಯಿತು ರಾಯರೇ. ಇನ್ನೂ ಆ ಗುಮಾಸ್ತನ ಕುರ್ಚಿ ತಿರುಗುತ್ತಲೇ ಇದೆ.’

‘ಅದೇ ದೋಷ, ಪ್ರಭು. ಒಂದು ರಾಜ್ಯ, ಒಬ್ಬ ದೊರೆ, ಆದರೆ ಎರಡು ಭಾಷೆ! ಎರಡೂ ಸೈನ್ಯಗಳಿಗೆ ಒಂದೇ ಭಾಷೆ ಮಾಡಿಬಿಟ್ಟರೆ ತಮ್ಮ ಶ್ರೀವಾಣಿ ತುಟಿ ದಾಟುವ ಮುಂಚೆ ಆಜ್ಞೆ ಗಡಿ ಮುಟ್ಟಿರುತ್ತದೆ. ಹೆಸರೂ ಹೊಳೆದಿದೆ. ಏಕವಾಣಿ.’

ಹೆಸರು ಸಿಕ್ಕ ಮೇಲೆ ಕೆಲಸ ಮುಕ್ಕಾಲು ಮುಗಿದಂತೆ ಎಂಬುದು ಆ ರಾಜ್ಯದ ಆಡಳಿತಸೂತ್ರ. ಉಳಿದ ಕಾಲು ಭಾಗಕ್ಕೆ ಸಮಿತಿ ಕೂತಿತು. ಸಮಿತಿಯ ನಿಯಮ ನ್ಯಾಯವಾಗಿಯೇ ಇತ್ತು: ಎರಡೂ ಸೈನ್ಯಗಳಿಗೆ ಸಮನಾಗಿ ಅರ್ಥವಾಗುವ ಮಾತಿಗೆ ಮಾತ್ರ ಏಕವಾಣಿಯಲ್ಲಿ ಜಾಗ. ಪರೀಕ್ಷೆಯೂ ಸರಳ. ಪರದೆಯ ಮೇಲೆ ಒಬ್ಬ ಲೀಲಾಸೈನಿಕನನ್ನು ನಿಲ್ಲಿಸಿ ಒಂದೊಂದೇ ಮಾತು ಹೇಳುವುದು. ಅವನು ಅಲುಗಿದರೆ ಮಾತು ಒಳಗೆ, ನಿಂತಲ್ಲೇ ನಿಂತರೆ ಹೊರಗೆ. ‘ಮುನ್ನುಗ್ಗು’ ಎಂದರು, ನುಗ್ಗಿದ. ‘ಸುತ್ತುವರಿ’ ಎಂದರು, ಸುತ್ತಿದ. ‘ಕುಮ್ಮಕ್ಕು ಬೇಕು’ ಎಂದರು, ಹಿಂದಿನಿಂದ ಇನ್ನಷ್ಟು ಸೈನಿಕರು ಬಂದು ನಿಂತರು. ‘ಹಸಿವು’ ಎಂದರು, ಕಲ್ಲುಕಂಬದ ಹಾಗೆ ನಿಂತಿದ್ದ. ಚಳಿ, ಜ್ವರ, ಅಕ್ಕಿ, ಹೆಂಡತಿಯ ಕಾಗದ, ಯಾವುದಕ್ಕೂ ಅವನು ಜಗ್ಗಲಿಲ್ಲ.

ದಂಡನಾಯಕ ಕೇತರಸರು ಗಂಟಲು ಸರಿಮಾಡಿಕೊಂಡರು. ‘ಅಕ್ಕಿ ಇಲ್ಲದೆ ಸೈನ್ಯ ನಡೆಯುವುದು ಸ್ವಲ್ಪ ಕಷ್ಟವೇನೋ...’

‘ಅಕ್ಕಿಯನ್ನು ಯಾರು ಬೇಡವೆಂದರು ದಂಡನಾಯಕರೇ? ಅಕ್ಕಿ ಉಗ್ರಾಣದಲ್ಲಿ ಇರುತ್ತದೆ. ಭಾಷೆಯಲ್ಲಿ ಇರುವುದಿಲ್ಲ. ಅಷ್ಟೇ’ ಎಂದರು ಪ್ರಿಯಂವದರಾಯರು.

ಕೇತರಸರ ನಿವೃತ್ತಿಗೆ ಎಂಟು ತಿಂಗಳಿತ್ತು, ಸೇವೆ ವಿಸ್ತರಣೆಯ ಕಡತ ರಾಯರ ಮೇಜಿನ ಮೇಲಿತ್ತು. ಅವರು ಇನ್ನೊಮ್ಮೆ ಗಂಟಲು ಸರಿಮಾಡಿಕೊಂಡರು, ಅಷ್ಟರಲ್ಲಿ ಸಭೆ ಮುಗಿದಿತ್ತು. ಏಕವಾಣಿ ಲೋಕಾರ್ಪಣೆಯಾಯಿತು. ಇನ್ನು ಮುಂದೆ ಸೈನ್ಯಕ್ಕೆ ಸಂಬಂಧಿಸಿದ ಯಾವ ಮಾತೂ ಏಕವಾಣಿಯ ಹೊರಗೆ ಆಡತಕ್ಕದ್ದಲ್ಲ, ಆಡಿದವರು ದೊರೆಯೇ ಆದರೂ ತಪ್ಪಿತಸ್ಥರು ಎಂದು ಪ್ರಭುಗಳು ಶಾಸನ ಹೊರಡಿಸಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹನ್ನೊಂದು ಗುಮಾಸ್ತರನ್ನು ಶಾಲು ಹೊದಿಸಿ ಮನೆಗೆ ಕಳುಹಿಸಲಾಯಿತು.

ಈಗ ನಿಮ್ಮನ್ನು ಗಾಳಿಕಣಿವೆಗೆ ಕರೆದೊಯ್ಯಬೇಕು. ಅದು ರಾಜಧಾನಿಯಿಂದ ಮೂರು ದಿನದ ನಡಿಗೆಯ ದೂರದಲ್ಲಿದ್ದ ಗಡಿ ಠಾಣೆ. ಎದುರು ಗುಡ್ಡದಲ್ಲಿ ಶತ್ರುವಿನ ಶಿಬಿರ, ಹಿಂದೆ ಕೆಳಗೆ ನಮ್ಮದೇ ಜೋಳದ ಸೀಮೆ. ಆದರೆ ಅಲ್ಲಿಂದ ಒಂದು ಕಾಳನ್ನೂ ಅರಮನೆಯ ಅಪ್ಪಣೆಯಿಲ್ಲದೆ ಠಾಣೆಗೆ ತರುವಂತಿರಲಿಲ್ಲ. ಠಾಣೆಯಲ್ಲಿದ್ದವರು ನಲವತ್ತು ಸೈನಿಕರು. ಅವರ ಮುಖ್ಯಸ್ಥ ಗುರಿಕಾರ ಸಂಕಣ್ಣ. ಅವರಿಗೆಲ್ಲ ಅಡುಗೆ ಮಾಡಿ ಹಾಕುತ್ತಿದ್ದವಳು ಜೋಳದ ಸೀಮೆಯ ಹೊನ್ನವ್ವ. ಅಕ್ಕಿ ತಳ ಕಂಡಾಗ ಸಂಕಣ್ಣ ಎಂದಿನಂತೆ ಯಂತ್ರದ ಮುಂದೆ ಕೂತ. ಅಕ್ಕಿ ಎಂದ, ಯಂತ್ರ ಉತ್ತರಿಸಲಿಲ್ಲ. ಹಸಿವು ಎಂದ, ಇಲ್ಲ. ಬರೆದ ಕಾಗದವನ್ನು ಯಂತ್ರದ ಮುಂದೆ ಹಿಡಿದ, ಅದಕ್ಕೂ ಇಲ್ಲ. ಎರಡು ದಿನ ಒದ್ದಾಡಿ ಸಂಕಣ್ಣ ಒಂದು ಉಪಾಯ ಹೂಡಿದ. ಕುಮ್ಮಕ್ಕು ಬೇಕೆಂದು ಕೇಳೋಣ, ಬರುವ ಸೈನಿಕರು ತಮ್ಮ ಬುತ್ತಿ ತಾವೇ ತಂದಿರುತ್ತಾರಲ್ಲ, ಅದನ್ನೇ ಹಂಚಿಕೊಳ್ಳೋಣ. ಕೇಳಿದ. ಯಂತ್ರ ಕೂಡಲೇ ‘ಇನ್ನೂರು ಮಂದಿ ಬಂದು ತಲುಪಿದ್ದಾರೆ’ ಎಂದು ಹೇಳಿತು. ಸಂಕಣ್ಣ ಹೊರಗೆ ಬಂದು ದಾರಿ ನೋಡಿದ. ಆ ಇನ್ನೂರು ಮಂದಿ ಲೀಲಾಸೇನೆಯವರು ಎಂದು ಅವನಿಗೆ ತಿಳಿಯುವ ಹೊತ್ತಿಗೆ ಮತ್ತೆ ನಾಲ್ಕು ದಿನವಾಗಿತ್ತು.

ಆಗ ಹೊನ್ನವ್ವ ಸೆರಗು ಸಿಕ್ಕಿಸಿ ರಾಜಧಾನಿಯ ದಾರಿ ಹಿಡಿದಳು. ಮೂರನೆಯ ದಿನ ಬೆಳಗಿನ ಬಿಸಿಲು ಏರುತ್ತಿರುವಾಗ ಲೀಲಾಯುದ್ಧ ಭವನದ ಬಾಗಿಲಲ್ಲಿ ನಿಂತಿದ್ದಳು. ಪ್ರಭುಗಳು ಆಗತಾನೇ ಒಂದು ಯುದ್ಧ ಗೆದ್ದು ಪ್ರಸನ್ನರಾಗಿದ್ದರು. ಒಳಗೆ ಬಿಟ್ಟರು.

‘ದೊರೀ, ನಾ ಗಾಳಿಕಣಿವಿ ಠಾಣ್ಯಾಗ ಅಡಗಿ ಮಾಡಾಕಿರಿ’ ಎಂದಳು ಹೊನ್ನವ್ವ. ‘ಒಂಬತ್ತು ದಿನಾತು, ಒಲಿ ಹೊತ್ತಿಲ್ಲ. ಗುರಿಕಾರ್ರು ತಮ್ಮ ತೊಗಲಿನ ಪಟ್ಟಾ ನೀರಾಗ ನೆನಿ ಹಾಕ್ಯಾರ, ಕುದಿಸಿ ತಿನ್ನಾಕ. ಏಳಾಕ ತ್ರಾಣಿಲ್ಲ ಮಂದೀಗೆ. ಅಕ್ಕಿ ಕೊಡ್ರಿ, ನಾನ ಹೊತ್ತಕೊಂಡು ಹೊಕ್ಕೀನಿ.’

ಪ್ರಭುಗಳು ಪರದೆಯತ್ತ ನೋಡಿದರು. ‘ಆದರೆ ತಾಯಿ, ನಿಮ್ಮಲ್ಲಿಗೆ ಇನ್ನೂರು ಮಂದಿ ಕುಮ್ಮಕ್ಕು ಬಂದಿದೆಯಲ್ಲ?’

‘ಯಾವಾಗ್ರೀ? ನಾ ಬಾಗಲದಾಗ ಕುಂತಿದ್ನಿ. ಒಂದ ನಾಯಿ ಸೈತ ಬಂದಿಲ್ಲ.’

‘ಅವರು ಬಂದಿರುವುದು ವ್ಯವಸ್ಥೆಯಲ್ಲಿದೆ’ ಎಂದರು ಪ್ರಿಯಂವದರಾಯರು, ಬಹಳ ಸಮಾಧಾನದಿಂದ. ‘ನೀವೇ ವ್ಯವಸ್ಥೆಯಲ್ಲಿಲ್ಲ. ಲೀಲಾಸೇನೆಯಲ್ಲಿ ಅಡುಗೆಯವರ ಹುದ್ದೆಯಿಲ್ಲ ನೋಡಿ.’

ಭುಜಬಲ ಪ್ರಭುಗಳು ಕೆಟ್ಟವರಲ್ಲ. ಇದನ್ನು ನಾನು ಅವರ ಪರವಾಗಿ ಹೇಳಲೇಬೇಕು. ಹೊನ್ನವ್ವನ ಒಡೆದ ಹಿಮ್ಮಡಿ ನೋಡಿ ಅವರ ಕಣ್ಣು ತುಂಬಿತು. ಇವತ್ತೇ ಅಕ್ಕಿ ಹೋಗಲಿ ಎಂದರು. ದಂಡನಾಯಕ ಕೇತರಸರಿಗೆ ಎಲ್ಲಿಲ್ಲದ ಧೈರ್ಯ ಬಂತು. ‘ಹೇಸರಗತ್ತೆಗಳು ಲಾಯದಲ್ಲೇ ಇವೆ ಪ್ರಭು, ಈಗಲೇ ಹೇರಿಸುತ್ತೇನೆ’ ಎಂದು ಬಾಗಿಲ ತನಕ ಹೋದರು.

‘ಪ್ರಭುಗಳ ಶಾಸನ’ ಎಂದರು ರಾಯರು ಮೆಲ್ಲಗೆ.

ಪ್ರಭುಗಳು ನಿಟ್ಟುಸಿರು ಬಿಟ್ಟರು. ‘ನಿಲ್ಲಿ ಕೇತರಸರೇ. ನಮ್ಮ ಶಾಸನವನ್ನು ನಾವೇ ಮುರಿದರೆ ಪ್ರಜೆಗಳಿಗೆ ಏನು ಮಾದರಿ? ಅಕ್ಕಿ ಏಕವಾಣಿಯಲ್ಲೇ ಹೋಗಲಿ. ಆ ಮಾತನ್ನು ಭಾಷೆಗೆ ಸೇರಿಸಿ.’

ಸೇರಿಸಲು ನಾಲ್ಕು ದಿನ ಹಿಡಿಯಿತು. ನಿಯಮ ನಿಯಮವೇ. ಲೀಲಾಸೈನಿಕರಿಗೂ ಅಕ್ಕಿ ಅರ್ಥವಾಗಬೇಕು, ಅದಕ್ಕೆ ಅವರು ಉಣ್ಣಬೇಕು, ಉಣ್ಣಲು ಬಾಯಿ ಬೇಕು. ತಂತ್ರಜ್ಞರು ಹಗಲೆಲ್ಲ ಕೂತು ಬಾಯಿ ಕೊಟ್ಟರು, ಹಲ್ಲು ಕೊಟ್ಟರು, ಪರದೆಯೊಳಗೇ ಒಂದು ಉಗ್ರಾಣ ಕಟ್ಟಿದರು. ಹೊನ್ನವ್ವ ಭವನದ ಮೆಟ್ಟಿಲ ಮೇಲೆ ಕೂತು ದಿನ ಎಣಿಸಿದಳು. ಐದನೆಯ ದಿನ ಬೆಳಿಗ್ಗೆ ಲಾಯದ ಮುಂದೆ ನಿಜವಾದ ಹೇಸರಗತ್ತೆಗಳ ಮೇಲೆ ನಿಜವಾದ ಅರವತ್ತು ಮೂಟೆ ಏರಿತು. ಪ್ರಭುಗಳು ಸ್ವಹಸ್ತದಿಂದ ಗುಂಡಿ ಒತ್ತಿದರು: ‘ಗಾಳಿಕಣಿವೆಗೆ ಅಕ್ಕಿ ಕಳುಹಿಸು.’

ಆಜ್ಞೆ ಎರಡೂ ಉಗ್ರಾಣಗಳಿಗೆ ಒಟ್ಟಿಗೆ ಮುಟ್ಟಿತು. ಸಮನ್ವಯವೆಂದರೆ ಅದೇ ತಾನೆ? ಕತ್ತೆಗಳು ಕಿವಿ ಅಲುಗಿಸುವಷ್ಟರಲ್ಲಿ ಪರದೆಯ ಅಕ್ಕಿ ಪರದೆಯ ಕಣಿವೆ ತಲುಪಿಬಿಟ್ಟಿತು, ಆಜ್ಞೆಯ ಪಕ್ಕ ‘ಪೂರೈಸಲಾಗಿದೆ’ ಎಂಬ ಹಸಿರು ಗುರುತು ಬಿತ್ತು. ನಿಜದ ಉಗ್ರಾಣಾಧಿಕಾರಿ ಆ ಗುರುತು ನೋಡಿದ. ಪೂರೈಸಿದ ಬೇಡಿಕೆಗೆ ಮತ್ತೊಮ್ಮೆ ಪೂರೈಸಿದರೆ ಅಮಾನತು ಗ್ಯಾರಂಟಿ. ಮೂಟೆ ಇಳಿಸಿ ಎಂದ, ಇಳಿಸಿದರು.

ಪರದೆಯ ಮೇಲೆ ಇನ್ನೂರ ನಲವತ್ತು ಮಂದಿ ಸಾಲಾಗಿ ಕೂತು ಉಣ್ಣುತ್ತಿದ್ದರು. ‘ನೋಡು ತಾಯಿ, ನಿನ್ನ ಮಕ್ಕಳು ಉಣ್ಣುತ್ತಿದ್ದಾರೆ. ಅಗೋ, ಅವನೇ ಸಂಕಣ್ಣ’ ಎಂದರು ಪ್ರಭುಗಳು.

ಹೊನ್ನವ್ವ ಹತ್ತಿರ ಹೋಗಿ ದಿಟ್ಟಿಸಿದಳು. ‘ಇವು ಬೊಂಬಿ ಅದಾವ್ರಿ. ನಮ್ಮ ಗುರಿಕಾರ್ರಿಗೆ ಮುಂದಿನ ಎರಡು ಹಲ್ಲ ಇಲ್ಲ. ಈ ಬೊಂಬೀಗೆ ಬಾಯಿ ತುಂಬ ಹಲ್ಲ ಐತಿ.’

‘ಊಟ ಸರಿಯಾದರೆ ಹಲ್ಲೂ ಬರುತ್ತದೆ’ ಎಂದರು ಪ್ರಿಯಂವದರಾಯರು. ಸಭೆ ನಕ್ಕಿತು, ಹೊನ್ನವ್ವನನ್ನು ಹೊರಗೆ ಕಳುಹಿಸಿದರು.

ಹೊಟ್ಟೆ ತುಂಬ ಉಂಡ ಪಡೆ ಸುಮ್ಮನೆ ಕೂತರೆ ಮೈ ಬೆಳೆಯುತ್ತದೆ ಎಂದು ಪ್ರಭುಗಳಿಗೆ ಅನ್ನಿಸಿತು. ಇನ್ನೂರ ನಲವತ್ತು ಮಂದಿಗೆ ಎದುರು ಗುಡ್ಡ ಯಾವ ಲೆಕ್ಕ? ‘ಮುನ್ನುಗ್ಗು’ ಎಂದು ಒತ್ತಿದರು. ಆಜ್ಞೆ ಆ ಕ್ಷಣದಲ್ಲೇ ಗಾಳಿಕಣಿವೆ ಮುಟ್ಟಿತು. ಏಕವಾಣಿಯ ವೇಗದ ಬಗ್ಗೆ ಯಾರೂ ಆಕ್ಷೇಪ ಎತ್ತುವಂತಿರಲಿಲ್ಲ.

ನಲವತ್ತರಲ್ಲಿ ಎದ್ದು ನಿಂತವರು ಇಪ್ಪತ್ಮೂರು ಮಂದಿ. ಸಂಕಣ್ಣ ಜೀವಮಾನದಲ್ಲಿ ಆಜ್ಞೆ ಮೀರಿದವನಲ್ಲ. ಠಾಣೆಯ ಯಂತ್ರವನ್ನು ಬೆನ್ನಿಗೆ ಕಟ್ಟಿಕೊಂಡು, ಒಬ್ಬರ ಹೆಗಲಿಗೆ ಒಬ್ಬರು ಕೈ ಹಾಕಿಕೊಂಡು, ಕೋಲೂರುತ್ತ ಎದುರು ಗುಡ್ಡ ಹತ್ತಿದರು. ಶತ್ರುಗಳು ಬಂದೂಕು ಎತ್ತಿ, ಮತ್ತೆ ಇಳಿಸಿದರು. ಹೀಗೆ ಯಾರೂ ಯುದ್ಧಕ್ಕೆ ಬರುವುದಿಲ್ಲ. ಸೆರೆ ಹಿಡಿದು, ಕೂರಿಸಿ, ತಮ್ಮ ಪಾಲಿನ ರಾಗಿ ಗಂಜಿ ಬಗ್ಗಿಸಿದರು. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಉಳಿದ ಹದಿನೇಳು ಮಂದಿಗೆ ಏನಾಯಿತೆಂದು ಹೇಳಲು ಏಕವಾಣಿಯಲ್ಲಿ ಮಾತಿಲ್ಲ. ಕನ್ನಡದಲ್ಲಿದೆ. ಅವರು ಹಸಿದು ಸತ್ತರು.

ಸಂಕಣ್ಣನ ಬೆನ್ನಿನ ಮೇಲಿದ್ದ ಯಂತ್ರ ತಾನೆಲ್ಲಿದ್ದೇನೆ ಎಂಬುದನ್ನು ತಪ್ಪದೆ ವರದಿ ಮಾಡಿತು: ಗಾಳಿಕಣಿವೆಯ ಪಡೆ ಶತ್ರುಶಿಬಿರದ ನಟ್ಟನಡುವೆ ಇದೆ. ರಾಜಧಾನಿಯಲ್ಲಿ ನಗಾರಿ ಮೊಳಗಿತು. ಭುಜಬಲ ಪ್ರಭುಗಳಿಗೆ ‘ಏಕವಾಣಿ ಚಕ್ರವರ್ತಿ’ ಎಂಬ ಬಿರುದು, ಪ್ರಿಯಂವದರಾಯರಿಗೆ ರತ್ನಖಚಿತ ತಿರುಗು ಕುರ್ಚಿ, ಕೇತರಸರಿಗೆ ಎರಡು ವರ್ಷದ ಸೇವೆ ವಿಸ್ತರಣೆ. ಅದೇ ವಾರ ಶತ್ರುಸೈನ್ಯ ಕಾವಲಿಲ್ಲದ ಕಣಿವೆಯನ್ನು ದಾಟಿ ಜೋಳದ ಸೀಮೆಗಿಳಿದು, ಕಣದಲ್ಲಿದ್ದ ರಾಶಿಯನ್ನೆಲ್ಲ ಗಾಡಿಗೆ ತುಂಬಿಕೊಂಡು ಹೋಯಿತು. ಪರದೆಯ ಮೇಲೆ ಶತ್ರುಶಿಬಿರವನ್ನು ಆಗಲೇ ಗೆದ್ದಾಗಿದ್ದುದರಿಂದ ಈ ಘಟನೆ ನಡೆದಿಲ್ಲ ಎಂದು ಪ್ರಕಟಣೆ ಹೊರಬಿತ್ತು.

ನಡೆಯದ ಘಟನೆಯಿಂದ ಹಸಿದ ಜನ ರಾಜಧಾನಿಗೆ ಬಂದರು. ಹುಣಸೆ ಬೀಜ ಹುರಿದು ತಿಂದು ಎಷ್ಟು ದಿನ ತಾನೇ ತಡೆದಾರು? ಪ್ರಭುಗಳ ಕರುಣೆ ಮತ್ತೆ ಉಕ್ಕಿತು. ಸೈನಿಕರಿಗೆ ಸಿಕ್ಕ ಸೌಲಭ್ಯ ಪ್ರಜೆಗಳಿಗೇಕೆ ಬೇಡ ಎಂದು ಸೀಮೆಯ ಪ್ರತಿಯೊಬ್ಬರನ್ನೂ ಹೆಸರು ಸಮೇತ ಏಕವಾಣಿಗೆ ಸೇರಿಸಿದರು. ಲೀಲಾಯುದ್ಧ ಭವನದಲ್ಲಿ ಈಗ ಪ್ರಜೆಗಳು ದಿನಕ್ಕೆ ಮೂರು ಹೊತ್ತು ಉಣ್ಣುತ್ತಿದ್ದರು. ಒಬ್ಬನೂ ಎರಡನೆಯ ಸಲ ಅನ್ನ ಕೇಳುತ್ತಿರಲಿಲ್ಲ. ಪ್ರಭುಗಳು ಉಪಾಹಾರದ ನಂತರ ಯುದ್ಧ ಬಿಟ್ಟು ಇದನ್ನೇ ನೋಡತೊಡಗಿದರು.

ಹೊರಗೆ ಅನ್ನ ಕೇಳಲು ಭವನದ ಕಿಟಕಿಯ ಮುಂದೆ ನಿಂತಿದ್ದ ಸಾಲಿನಲ್ಲಿ ಹೊನ್ನವ್ವನ ಸರದಿ ನಾಲ್ಕನೆಯ ದಿನ ಬಂತು. ಕಿಟಕಿಯ ಹಿಂದಿನ ಅಧಿಕಾರಿ ಅವಳ ಹೆಸರು ಹುಡುಕಿ ಪರದೆಯನ್ನು ಅವಳತ್ತ ತಿರುಗಿಸಿದ. ಅಲ್ಲಿ ಇನ್ನೊಬ್ಬ ಹೊನ್ನವ್ವ ಚಕ್ಕಳಮಕ್ಕಳ ಹಾಕಿ ಕೂತು ಉಣ್ಣುತ್ತಿದ್ದಳು.

‘ನೋಡಮ್ಮ, ನಿನ್ನ ಊಟ ಆಯಿತು.’

ಹೊನ್ನವ್ವ ಪರದೆಯ ಹೊನ್ನವ್ವನತ್ತ ಬೆರಳು ಮಾಡಿದಳು. ‘ಆಗ್ಲಿರಿ ಯಪ್ಪಾ. ಆಕಿ ಉಂಡಿದ್ದು ನನ್ನ ಹೊಟ್ಟೀಗೆ ಯಾವಾಗ ಬರತೈತ್ರಿ?’

ಅಧಿಕಾರಿ ಕಡತ ತಿರುವಿ ನೋಡಿದ. ಸುಳ್ಳು ಹೇಳುವ ಮನುಷ್ಯನಲ್ಲ ಅವನು.

‘ಅದು ಎರಡನೆಯ ಹಂತದಲ್ಲಿದೆ’ ಎಂದು ಹೇಳಿ, ಮುಂದಿನವರನ್ನು ಕರೆದ.