ತೂಬು ಎತ್ತಿದವನು ಸಿಕ್ಕಿಬಿದ್ದ

ಕೆರೆ ನೀರು ಕುಡಿದು ಬೆಳೆದವರು ಕಡಲ ಸೀಮೆಯಲ್ಲಿ ದೋಣಿ ಹತ್ತಿದರೆ ಇಂಥವು ಆಗದೆ ಇರುತ್ತವೆಯೇ? ಅರವತ್ತರ ದಶಕದಲ್ಲಿ ನಾನು ಜಯನಗರದ ಒಂದು ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಕಾಡು, ಅದರೊಳಗಿನ ನೀರುನಾಯಿ, ಎಲ್ಲವನ್ನೂ ಹನ್ನೆರಡು ವರ್ಷ ಬೋರ್ಡಿನ ಮೇಲೆ ಬರೆದಿದ್ದೆ, ಕಣ್ಣಾರೆ ಕಂಡಿರಲಿಲ್ಲ. ನೀರುನಾಯಿ ನೋಡಲೇಬೇಕೆಂದು ಒಂದು ರಜೆಯಲ್ಲಿ ಕುಂದಾಪುರಕ್ಕೆ ಹೊರಟೆ. ಜೊತೆಗೆ ನನ್ನ ಶಿಷ್ಯನೊಬ್ಬನ ಅಪ್ಪ, ಗೊಟ್ಟಿಗೆರೆಯ ನೀರುಗಂಟಿ. ಊರ ಕೆರೆಯಲ್ಲಿ ಮುಳುಗಿ ತೂಬು ಎತ್ತಿ ಗದ್ದೆಗೆ ನೀರು ಬಿಡುವುದು ಅವರ ಕೆಲಸ. ಅವರ ಅಪ್ಪಣೆಯಿಲ್ಲದೆ ಅಲ್ಲಿ ಒಂದು ಹನಿಯೂ ಕದಲುತ್ತಿರಲಿಲ್ಲ.

"ನೀರಿನ್ ವಿಷ್ಯ ನನಗ್ ಬಿಡಿ ಮೇಷ್ಟ್ರೇ" ಎಂದರು.

ನುಗ್ಗೆಕಾಯಿ

ಕಾಂಡ್ಲಾ ಕಾಡಿನೊಳಗೆ ನಮ್ಮ ದೋಣಿ ನಡೆಸುತ್ತಿದ್ದಾಕೆ ಮಿತಭಾಷಿ. "ನೀರುನಾಯಿ ಕಾಣ್ಕಾರೆ ಬಾಯ್ ಮುಚ್ಕಣಿ" ಎಂದಿದ್ದಳು. ನೀರುಗಂಟಿ ಬಾಯಿ ಮುಚ್ಚಿದರು, ಕೈ ಸುಮ್ಮನಿರಲಿಲ್ಲ. ಕೊಂಬೆಯಿಂದ ಉದ್ದನೆಯದೊಂದನ್ನು ಕಿತ್ತು, ದನಿ ತಗ್ಗಿಸಿ ಹೇಳಿದರು: "ಹುಳಿಗೆ ಆಯ್ತು, ನುಗ್ಗೆಕಾಯಿ!"

"ಅದ್ ಕಾಯಿ ಅಲ್ಲ, ಸಸಿ. ಮರದಲ್ಲೇ ಮೊಳಕೆ ಒಡೆದದ್ದ್" ಎಂದಳಾಕೆ.

ಅವರು ಗಾಬರಿಯಿಂದ ಕೈಬಿಟ್ಟರು. ಅದು ನೆಟ್ಟಗೆ ಹೋಗಿ ಕೆಸರಲ್ಲಿ ನಾಟಿಕೊಂಡು ನಿಂತಿತು. "ನಾಟಿ ಮಾಡೋ ಕೂಲಿನೂ ಬೇಡ್ವಲ್ಲಪ್ಪ ಈ ಮರಕ್ಕೆ!" ಎಂದು ಕೈಮುಗಿದರು.

ಮರ ಹತ್ತಿದ ಮೀನು

ಮುಂದೆ ಒಂದು ಬೇರಿನ ಮೇಲೆ ಬೆರಳುದ್ದದ ಮೀನು ಹತ್ತಿ ಕೂತು ನಮ್ಮನ್ನೇ ನೋಡುತ್ತಿತ್ತು. ಎಂಥ ಚೆಂದದ ಉಬ್ಬುಗಣ್ಣು!

ನೀರುಗಂಟಿ ಪಿಸುಗುಟ್ಟಿದರು: "ನೀರಿಂದ ಹೊರಗ್ ಬಂದ್ರೆ ಮೀನು ಸಾಯ್ತದೆ ಅಂತ ನನ್ನ ಮಗನಿಗೆ ಪಾಠ ಮಾಡಿದ್ರಲ್ಲ?"

"ಹೌದು."

"ಅವನು ಅದನ್ನೇ ಬರೆದು ಪಾಸಾಗವ್ನೆ. ಈಗ ಸುಮ್ನಿದ್ಬಿಡಿ."

ತೂಬು

ಮಧ್ಯಾಹ್ನದ ಹೊತ್ತಿಗೂ ನೀರುನಾಯಿ ಕಾಣಲಿಲ್ಲ. ಸಂಜೆಗೆ ವಾಪಸ್ ಬಸ್ಸು. ನನಗೆ ಅಳುವೇ ಬರುವಂತಿತ್ತು. ಅಷ್ಟರಲ್ಲಿ ನೀರು ಸರಸರನೆ ಇಳಿಯತೊಡಗಿ ದೋಣಿ ಕೆಸರಲ್ಲಿ ಕೂತುಬಿಟ್ಟಿತು. ದೋಣಿಯಾಕೆಗೆ ಇದು ಕಡಲಿನ ದಿನದ ಇಳಿತ, ಎಲೆಅಡಿಕೆ ಬಿಚ್ಚಿದಳು. ನೀರುಗಂಟಿಗೆ ಮಾತ್ರ ರಕ್ತ ಕುದಿಯಿತು. ಇಡೀ ದಿನ ಕಟ್ಟಿಟ್ಟಿದ್ದ ದನಿಯೆಲ್ಲ ಒಮ್ಮೆಲೇ ಹೊರಬಂತು.

"ಯಾವನ್ಲಾ ಅವನು, ಹೇಳ್ದೆ ಕೇಳ್ದೆ ತೂಬು ಎತ್ತಿದ್ದು?"

ಕೊಕ್ಕರೆಗಳೆಲ್ಲ ಹಾರಿಹೋದವು. ಇನ್ನೆಲ್ಲಿಯ ನೀರುನಾಯಿ ಎಂದು ನಾನು ತಲೆಯ ಮೇಲೆ ಕೈಹೊತ್ತೆ. ಆದರೆ ಆ ಗದ್ದಲ ಏನೆಂದು ನೋಡಲೋ ಏನೋ, ಎದುರಿನ ಬೇರುಗಳ ಸಂದಿಯಿಂದ ಒಂದು ಒದ್ದೆ ತಲೆ ಮೇಲೆದ್ದಿತು. ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ನೀರುನಾಯಿ! ಹನ್ನೆರಡು ವರ್ಷ ಕಾದ ದರ್ಶನ. ನನ್ನ ಕಣ್ಣು ತುಂಬಿಬಂತು.

ನೀರುಗಂಟಿ ನನ್ನ ತೋಳು ಹಿಡಿದು ಅಲುಗಾಡಿಸಿದರು.

"ಹಿಡೀರಿ ಮೇಷ್ಟ್ರೇ, ಇವನೇ! ತೂಬಿಗೆ ಮುಳುಗಿ ಈಗ ತಾನೆ ಎದ್ದವ್ನೆ, ಇನ್ನೂ ಮೈ ಆರಿಲ್ಲ!"